ಪರಂತು

ಬುಡೇನ್ ಸಾಬರ ಮಂಡಕ್ಕಿ ಭಟ್ಟಿಗೆ ನೋಟಿಸು ಬಂದದ್ದು ಮಂಗಳವಾರ:
ಚಿಮಣಿಯ ಎತ್ತರ ಸಾಲದು, ನಿಯಮ ಹದಿನಾಲ್ಕು, ಉಪನಿಯಮ ಮೂರು.
ನಾಲ್ಕು ಮಡಿಕೆ ಮಾಡಿ ಜೇಬಲ್ಲಿಟ್ಟು ತಂದಿದ್ದರು.
ಬಿಚ್ಚಿದರೆ ನನ್ನ ಮೇಜಿನ ಮೇಲೆ
ಉದುರಿತು ಒಂದು ಚಿಟಿಕೆ ಹುರಿದ ಮರಳು.
"ನೋಡಮ್ಮ, ಇದರಾಗೆ
ನಮ್ಮಂಥೋರು ತೂರೋಕೆ ಸಂದಿ ಏನಾರ ಐತೇನು?"

ಸಂದಿ ಹುಡುಕುವುದೇ ನನ್ನ ಕಸುಬು.

ಮೊದಲು ಫೋನಿನಲ್ಲಿ ಹುಡುಕಿದೆ,
ಅಶೋಕ ರಸ್ತೆಯ ಗೇಟು ಬಿದ್ದಿತ್ತು, ಸ್ಕೂಟಿ ಆರಿಸಿ ನಿಂತಿದ್ದೆ.
ಇಲಾಖೆಯ ತಾಣ ಸುತ್ತಿತು, ಸುತ್ತಿತು,
ಗೂಡ್ಸಿನ ಐವತ್ತೆಂಟು ಡಬ್ಬಿ ದಾಟಿದ ಮೇಲೆ ತೆರೆಯಿತು:
ಕ ಇರಬೇಕಾದಲ್ಲಿ ಇಂಗ್ಲಿಷಿನ ಪಿ,
ನ ಇರಬೇಕಾದಲ್ಲಿ ಪೌಂಡಿನ ಗುರುತು.
ಯಾವುದೋ ಹಳೆಯ ಫಾಂಟು ಸತ್ತು
ಅದರ ಅಕ್ಷರಗಳು ದೆವ್ವವಾಗಿ ಅಲೆಯುತ್ತಿದ್ದವು.
ಇನ್ನೊಂದು ಕಡೆ ಸ್ಕ್ಯಾನು ಸಿಕ್ಕಿತು, ಸ್ಫುಟವಾಗಿ.
ನಲವತ್ತಾರನೆಯ ಪುಟ. ಆಮೇಲೆ ನಲವತ್ತೆಂಟು.
ನಡುವೆ ಯಾರದೋ ಹೆಬ್ಬೆರಳು,
ಉಗುರಿಗೆ ಮಾಸಿದ ಮೆಹಂದಿ.

ಹಾಗಾಗಿ ವಕೀಲರ ಸಂಘದ ಗ್ರಂಥಾಲಯ, ಮಹಡಿಯ ಮೇಲೆ.
ಕೊಟ್ರಬಸಪ್ಪ ಅಂತ ಒಬ್ಬರಿದ್ದರಂತೆ ಗುಮಾಸ್ತರು,
ಶನಿವಾರ ಮಧ್ಯಾಹ್ನ ಮೈದಾ ಕುದಿಸಿ ಅಂಟು ಮಾಡಿ
ತಿದ್ದುಪಡಿ ಚೀಟಿಗಳನ್ನು ಒಂದೊಂದೇ ಮೆತ್ತುತ್ತಿದ್ದರಂತೆ,
ಮಗುವಿನ ಮೊಣಕಾಲಿಗೆ ಪಟ್ಟಿ ಕಟ್ಟಿದ ಹಾಗೆ.
ಹುಳಕ್ಕೆ ರುಚಿ ಮೈದಾದ್ದು,
ಕಾನೂನು ನಂಚಿಕೊಳ್ಳುವುದಕ್ಕೆ.

ಓದಿದೆ. ಜೋರಾಗಿಯೇ ಓದಿದೆ, ಯಾರೂ ಇರಲಿಲ್ಲ.
ಹೊಂದಿರತಕ್ಕದ್ದು, ಸಲ್ಲಿಸತಕ್ಕದ್ದು, ಪಾಲಿಸತಕ್ಕದ್ದು,
ತಕ್ಕದ್ದು ತಕ್ಕದ್ದು ತಕ್ಕದ್ದು,
ಮುಚ್ಚಿದ ಕಾಟನ್ ಮಿಲ್ಲಿನೊಳಗೆ ಒಂದು ಮಗ್ಗ
ಇನ್ನೂ ತಾನೇ ಆಡುತ್ತಿರುವಂತೆ.
ಅಲ್ಲಿ, ಮೂರನೆಯ ಉಪನಿಯಮದ ಕೆಳಗೆ,
ಅರ್ಧ ಎದ್ದ ಹಳದಿ ಚೀಟಿ:

*ಪರಂತು, ಮನೆಮಂದಿಯೇ ಕೂಡಿ ನಡೆಸುವ ಒಲೆಗೆ
ಇದು ಅನ್ವಯಿಸತಕ್ಕದ್ದಲ್ಲ.*

ಪರಂತು.
ನಮ್ಮವ್ವ ಎಂದೂ ಆಡಿದ ಮಾತಲ್ಲ ಅದು.
ಅವಳದು 'ಆದ್ರ', ಅಪ್ಪನದು 'ಅದಿರ್ಲಿ'.
ಬೀಗ ಜಡಿದ ಬಾಗಿಲ ಮಗ್ಗುಲಲ್ಲಿ
ಬೆಕ್ಕಿಗೆಂದು ಬಿಟ್ಟ ಕಿಂಡಿಯಂಥ ಪದ.
ಬುಡೇನ್ ಸಾಬರು, ರೆಹಮತ್‌ಬಿ, ಇಬ್ಬರು ಗಂಡುಮಕ್ಕಳು,
ಹೊಟ್ಟು ಸುರಿಯುವ ಸೊಸೆ: ಮನೆಮಂದಿಯೇ.
ನಾನು ಚೀಟಿಯ ಫೋಟೋ ತೆಗೆದುಕೊಂಡು
ಮೆಟ್ಟಿಲು ಎರಡೆರಡು ಇಳಿದೆ.

ರಾತ್ರಿ, ಊಟವಾದ ಮೇಲೆ, ಸುಮ್ಮನೆ ಇನ್ನೊಮ್ಮೆ ಹುಡುಕಬಾರದಿತ್ತು.
ಎರಡೇ ಸಾಲಿನ ಅಧಿಸೂಚನೆ, ಓರೆಯಾಗಿ ಸ್ಕ್ಯಾನಾದದ್ದು,
ಮೊಹರಿನ ಕೆಳಗೆ ತಾರೀಖು ಮುಳುಗಿದ್ದು:
*ಸದರಿ ಪರಂತುಕವನ್ನು ಬಿಟ್ಟುಬಿಡತಕ್ಕದ್ದು.*
ಕೊಟ್ರಬಸಪ್ಪನವರು ಅಷ್ಟರಲ್ಲಿ ನಿವೃತ್ತರಾಗಿರಬೇಕು.
ಮೈದಾ ಕುದಿಸುವವರು ಇರಲಿಲ್ಲ.
ಕಪಾಟಿನಲ್ಲಿ ಒಲೆ ಇನ್ನೂ ಉರಿಯುತ್ತಿದೆ,
ತೆರೆಯ ಮೇಲೆ ಆರಿಹೋಗಿದೆ.

"ಇತ್ತು," ಅಂದೆ ಬೆಳಿಗ್ಗೆ, "ಈಗಿಲ್ಲ."
ಭಟ್ಟಿಯ ಹೊಗೆಗೆ ಕಣ್ಣು ಕಿರಿದು ಮಾಡಿ
ಅವರು ಜರಡಿ ಅಲ್ಲಾಡಿಸುತ್ತಲೇ ಇದ್ದರು.
ಮರಳು ಕೆಳಗೆ, ಮಂಡಕ್ಕಿ ಮೇಲೆ.
"ಇದ್ದಾಗ ನಮಗೆ ಗೊತ್ತಿದ್ದಿಲ್ಲ," ಅಂದರು,
"ಹೋದ ಮ್ಯಾಲೆ ಗೊತ್ತಾತು."
ಸ್ವಲ್ಪ ಹೊತ್ತು ಬಿಟ್ಟು:
"ಯಾವತ್ತಿಂದ ಇಲ್ಲಮ್ಮ? ನೋಟಿಸಿಗಿಂತ ಮೊದಲೋ, ಆಮ್ಯಾಲೋ?"

ಎಲ್‌ಎಲ್‌ಬಿ ಓದಿದವಳು ನಾನು. ಪ್ರಶ್ನೆ ಕೇಳಿದ್ದು ಅವರು.

ರಾಜ್ಯಪತ್ರದಲ್ಲಿ ಪ್ರಕಟವಾದ ದಿನ ಬೇಕು. ಮೂಲ ಸಂಚಿಕೆಯೇ ಬೇಕು.
ಡಿ.ಸಿ. ಕಚೇರಿಯ ದಾಖಲೆ ಕೋಣೆಯವರು ಹೇಳುತ್ತಾರೆ,
ಆ ವರ್ಷದ ಗಂಟು ರದ್ದಿಗೆ ಹೋಗಿದೆ, ಕೆ.ಜಿ.ಗೆ ಎಂಟು ರೂಪಾಯಿಯಂತೆ.
ಅಂದಿನಿಂದ ಮಂಡಕ್ಕಿ ಕಟ್ಟಿಕೊಟ್ಟ ಪೊಟ್ಟಣವನ್ನು
ನಾನು ಹರಿಯುವುದಿಲ್ಲ, ಬಿಚ್ಚುತ್ತೇನೆ.
ಇವತ್ತಿನದು ಏಳನೇ ಕ್ಲಾಸಿನ ವಿಜ್ಞಾನ,
ಜೀರ್ಣಕ್ರಿಯೆ, ಸಣ್ಣ ಕರುಳಿನ ಚಿತ್ರ,
ಎಣ್ಣೆಯಲ್ಲಿ ತೊಯ್ದು ಪಾರದರ್ಶಕ.
ಬೆಳಕಿಗೆ ಹಿಡಿದು ಹಿಂದುಮುಂದು ಎರಡೂ ಓದಿದೆ,
ಕೊನೆಯ ಸಾಲಿನವರೆಗೂ.